ಕುಲಾವಿಯ ಮೇಲೆಯೂ ನಿರಿಗೆಯ ಮೇಲೆಯೂ ರೇಖಾಗಣಿತ

ತ್ರಿಕೋಣದ ಮೂರು ಕೋನಗಳು ಕೂಡಿ ಎರಡು ಲಂಬಕೋನಗಳಿಗೆ ಸಮವೆಂದು ನಾವೆಲ್ಲರೂ ಶಾಲೆಯಲ್ಲಿ ಸಾಧಿಸಿ ತೋರಿಸಿದ್ದೇವೆ. ಅದಕ್ಕಾಗಿ ಪಟ್ಟ ಕಷ್ಟವನ್ನು ಮರೆತವರು ವಿರಳ. ಹಾಗಿರುವಲ್ಲಿ, ಆ ಮಾತು ಎಲ್ಲೆಡೆಯೂ ಸಲ್ಲದೆಂದು ತಿಳಿದರೆ, ನಾವು ಕಲಿತುದು ಸುಳ್ಳಾಯಿತೇ?

ತರಗತಿಯಲ್ಲಿದ್ದ ಭೂಗೋಲವನ್ನು ಜ್ಞಾಪಿಸಿಕೊಳ್ಳೋಣ. ಗೋಲವನ್ನು ಸರಿಯಾಗಿ ಇಬ್ಭಾಗ ಮಾಡುವ ಮಹಾವೃತ್ತವೇ ಅಲ್ಲಿ ಸರಳರೇಖೆಯ ಸ್ಥಾನದಲ್ಲಿರುವುದು. ಉತ್ತರ ಧ್ರುವದಿಂದ 90 ಡಿಗ್ರಿಗಳ ಅಂತರವುಳ್ಳ ಎರಡು ರೇಖಾಂಶಗಳು ವಿಷುವದ್ರೇಖೆಗೆ ಇಳಿದು ಒಂದು ತ್ರಿಕೋಣವನ್ನುಂಟುಮಾಡುತ್ತವೆ. ಅದರ ಮೂರು ಕೋನಗಳೂ ಲಂಬಕೋನಗಳೇ. ಮೊತ್ತ 270 ಡಿಗ್ರಿ! ವೃತ್ತದ ಗತಿಯೂ ಹಾಗೆಯೇ. ಧ್ರುವವನ್ನು ಕೇಂದ್ರವೆಂದೆಣಿಸಿದರೆ ವಿಷುವದ್ರೇಖೆಯು ಒಂದು ವೃತ್ತ. ಕಾಗದದ ಮೇಲೆ ಪರಿಧಿಯು ತ್ರಿಜ್ಯದ ಆರು ಮಡಿಗಿಂತ ತುಸು ಹೆಚ್ಚು. ಇಲ್ಲಿ, ಗೋಲದ ಮೈಮೇಲೆಯೇ ತ್ರಿಜ್ಯವನ್ನು ಅಳೆದರೆ, ಬರಿಯ ನಾಲ್ಕು ಮಡಿ. ನಾಲ್ಕು ಲಂಬಕೋನಗಳುಳ್ಳ ಚತುರಸ್ರವಂತೂ ಗೋಲದ ಮೇಲೆ ಹುಟ್ಟಲಾರದು.

ಇದಕ್ಕೆ ವಿರುದ್ಧವಾದ ಇನ್ನೊಂದು ಕ್ಷೇತ್ರವೂ ಉಂಟು. ಕ್ರೋಷಾ ಹೆಣೆದ ಸಹೋದರಿಯರು ಅದನ್ನು ಬೇಗನೆ ಗ್ರಹಿಸುವರು. ದುಂಡು ಹಾಸಿಗೆ ಪ್ರತಿ ಸುತ್ತಿನಲ್ಲಿಯೂ ತಕ್ಕಷ್ಟು ಕುಣಿಕೆಗಳನ್ನು ಕೂಡಿಸಿದರೆ ಅದು ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಕಡಿಮೆಯಾದರೆ ಕುಲಾವಿಯಂತೆ ಬಾಗುತ್ತದೆ. ಹೆಚ್ಚಾದರೆ ಅಂಚು ನಿರಿಗೆಗಟ್ಟುತ್ತದೆ. ನಿರಿಗೆ ಬಂದುದನ್ನು ಬಿಚ್ಚಿ ಮತ್ತೆ ಹೆಣೆದವರು ನಮ್ಮಲ್ಲಿ ಎಷ್ಟು ಮಂದಿಯೋ! 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ ಲಾಟ್ವಿಯ ದೇಶದ ಗಣಿತಜ್ಞೆ ಡೈನಾ ತೈಮಿನಾ ಅವರು ಆ ನಿರಿಗೆಯನ್ನೇ ಬೇಕೆಂದು ಹೆಣೆದರು. ಇಷ್ಟು ಕುಣಿಕೆಗೆ ಒಂದರಂತೆ, ಪ್ರಮಾಣ ತಪ್ಪದೆ ಸುತ್ತು ಸುತ್ತಿಗೂ ಹೆಚ್ಚಿಸುತ್ತ ಹೋಗುವುದೇ ಅದರ ಕ್ರಮ. ಅಂತಹ ಹಾಸನ್ನು ಮಡಿಸಿದಾಗ ಬೀಳುವ ಗೆರೆಯೇ ಸರಳರೇಖೆ. ಮೂರು ಗೆರೆಗಳ ತ್ರಿಕೋಣದಲ್ಲಿ ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. ತ್ರಿಕೋಣದ ವಿಸ್ತಾರ ಬೆಳೆದಷ್ಟೂ ಮೊತ್ತ ಕುಗ್ಗುವುದು. ಆದುದರಿಂದ ಆಕಾರ ಕೆಡದಂತೆ ಚಿತ್ರವನ್ನು ಹಿಗ್ಗಿಸುವುದು ಅಲ್ಲಿ ಅಸಾಧ್ಯ. ಒಂದೇ ರೂಪದ ಚಿಕ್ಕದೂ ದೊಡ್ಡದೂ ಆದ ಎರಡು ತ್ರಿಕೋಣಗಳು ಇರಲಾರವು. ನಮಗೆ ಎಲ್ಲಕ್ಕಿಂತ ವಿಚಿತ್ರವಾಗಿ ತೋರುವುದು ಇದೇ.

ಹಾಗಾದರೆ ನಮ್ಮ ಪ್ರಮೇಯ? ಅದನ್ನು ಸಾಧಿಸುವಾಗ ತ್ರಿಕೋಣದ ಶೃಂಗದ ಮೂಲಕ ಪಾದಕ್ಕೆ ಒಂದು ಸಮಾಂತರ ರೇಖೆಯನ್ನೆಳೆದುದು ನೆನಪಿರಬಹುದು. ಆ ಸಮಾಂತರದ ಸಂಗತಿಯು ಯೂಕ್ಲಿಡನ ಐದನೆಯ ಸ್ವೀಕೃತ ಸೂತ್ರವನ್ನು ಅವಲಂಬಿಸಿದುದು. ಅದನ್ನು ಬಿಟ್ಟೂ ರೇಖಾಗಣಿತವನ್ನು ಕಟ್ಟಬಹುದೆಂದು ರಷ್ಯದ ಲೊಬಚೆವ್‌ಸ್ಕಿಯು 1829ರಲ್ಲಿಯೂ ಹಂಗೆರಿಯ ಬೊಲ್ಯಾಯಿಯು 1832ರಲ್ಲಿ ತನ್ನ ತಂದೆಯ ಗ್ರಂಥದ ಅನುಬಂಧದಲ್ಲಿಯೂ ಪ್ರಕಟಿಸಿದರು. ಗೋಲದ ಮೇಲೆ ಅಂತಹ ಸಮಾಂತರ ರೇಖೆಯು ಒಂದೂ ಇಲ್ಲ. ನಿರಿಗೆಯ ಮೇಲೆ ಎಣಿಕೆಯಿಲ್ಲದಷ್ಟು. ಒಂದೇ ಒಂದು ಇರುವುದು ಚಪ್ಪಟೆಯಾದ ಹಾಸಿನ ಮೇಲೆ. ನಮ್ಮ ಸಾಧನೆಯು ಅಲ್ಲಿ ಇಂದಿಗೂ ಕೂದಲೆಳೆಯಷ್ಟೂ ಕದಲಿಲ್ಲ.