ಆಕಾಶದಿಂದ ಕಂಡ ನೀಲಿ

ಸುಗ್ಗಿ ಮುಗಿಯುತ್ತಿದ್ದಂತೆ ತಾವರಗೇರಾ ಬಜಾರಿನಲ್ಲಿ ತಾಡಪತ್ರಿಗೆ ಗಿರಾಕಿಗಳು ಹೆಚ್ಚುತ್ತಾರೆ. ಮೊನ್ನೆ ಅಂಗಡಿಯ ಮುಂದೆ ಒಬ್ಬ ಅಕ್ಕ ನೀಲಿ ತಾಡಪತ್ರಿಯ ಮಡಿಕೆ ಬಿಚ್ಚಿ, ಎರಡೂ ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದು, ತೂತು ಇದೆಯೇನೋ ಎಂದು ಇಂಚಿಂಚೂ ನೋಡುತ್ತಿದ್ದರು. ಅಂಚಿನ ಹಗ್ಗ ಪೋಣಿಸುವ ಕಣ್ಣುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಪರೀಕ್ಷಿಸಿದರು. ಹಾಳೆಯನ್ನು ಹಾದು ಬಂದ ಬೆಳಕಿನಲ್ಲಿ ಅವರ ಮುಖವೆಲ್ಲ ನೀಲಿ. "ಗಾಳಿ ಬಂದ್ರ ಮೊದಲ ಇಲ್ಲೇ ಹರೀತೈತಿ ಅಣ್ಣಾ" ಎಂದರು. ಬೆಂಗಳೂರಿಗೆ ಗುಳೆ ಹೊರಟಿದ್ದರು. ಮುಂದಿನ ಮಳೆಗಾಲದವರೆಗೆ ಅವರ ಮನೆಗೆ ಇದೇ ಛಾವಣಿ.

ಆ ನೀಲಿ ಬಣ್ಣ ಬಾಹ್ಯಾಕಾಶದಿಂದ ಕಾಣುತ್ತದೆ!

ನಾನಿದನ್ನು ಮೊದಲ ಸಲ ಓದಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ, ಹಿಂದೆ ಐಎಎಸ್ ಅಧಿಕಾರಿಯಾಗಿದ್ದವರು. ಅವರ ಜೊತೆ ಎಂ.ಎಸ್. ಶ್ರೀರಾಮ್; ಹೌದು, ನಮ್ಮ ಕಥೆಗಾರ ಶ್ರೀರಾಮ್ ಅವರೇ! ಇನ್ನೊಬ್ಬರು ಪೂರ್ಣಿಮಾ ಪ್ರಕಾಶ್. ಬೆಂಗಳೂರಿನ ಕೊಳೆಗೇರಿಗಳ ಕುರಿತು ಈ ಮೂವರ ಅಧ್ಯಯನ 2014ರಲ್ಲಿ ಪ್ರಕಟವಾಯಿತು. 1973ರ ಕಾಯ್ದೆಯಡಿ ಸರ್ಕಾರ ಘೋಷಿಸಿದ ಕೊಳೆಗೇರಿಗಳ ಪಟ್ಟಿಯೊಂದನ್ನೇ ನೆಚ್ಚಿ ಕೂತಿದ್ದರೆ ಅವರಿಗೆ ನಮ್ಮವರು ಸಿಗುತ್ತಲೇ ಇರಲಿಲ್ಲ. ಅವರು ಉಪಗ್ರಹದ ಚಿತ್ರಗಳನ್ನು ಹರಡಿಕೊಂಡು ನಗರವನ್ನು ಮೇಲಿನಿಂದ ನೋಡಿದರು. ಬೂದು ಕಾಂಕ್ರೀಟಿನ ನಡುವೆ, ಖಾಲಿ ನಿವೇಶನಗಳಲ್ಲಿ, ಪುಟ್ಟ ಪುಟ್ಟ ನೀಲಿ ಚೌಕಗಳ ಗುಂಪು! ಅಲ್ಲಿಗೆ ನಡೆದು ಹೋಗಿ ನೋಡಿದರೆ ಗೂಟ, ಹಗ್ಗ, ತಾಡಪತ್ರಿ. ಒಳಗೆ ಉತ್ತರ ಕರ್ನಾಟಕದ ಒಣಭೂಮಿಯಿಂದ ಬಂದ ಕೂಲಿಕಾರರು. ನಲ್ಲಿ, ಕರೆಂಟು, ಶೌಚಾಲಯಗಳ ಗತಿ ಕೇಳುವುದೇ ಬೇಡ. ತಲೆತಲಾಂತರದಿಂದ ನೆಲೆಯೂರಿದ ಹಳೆಯ ಕೊಳೆಗೇರಿಗಳೇ ಬೇರೆ, ಈ ಲೋಕವೇ ಬೇರೆ. ಇವರ ಕರುಳು ಇನ್ನೂ ಊರಿನಲ್ಲೇ ಇದೆ. ದುಡಿದದ್ದೂ ಊರಿಗೇ ಹೋಗುತ್ತದೆ. ಹಾಗಾಗಿ ಹಳೆಯ ಕೊಳೆಗೇರಿಗೆ ಮಾಡಿದ ಯೋಜನೆ ಇವರಿಗೆ ಹೊಂದುವುದೇ ಇಲ್ಲ ಎಂಬುದು ಆ ಅಧ್ಯಯನದ ದೊಡ್ಡ ಮಾತು.

ಯೋಚಿಸಿ: ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಬದುಕನ್ನು ಛಾವಣಿಯ ಬಣ್ಣ ಹಿಡಿದುಕೊಟ್ಟಿತು! ಕುಷ್ಟಗಿ ಸೀಮೆಯಲ್ಲಿ ಹುಟ್ಟಿದ ನಮಗೆ ಗುಳೆ ಹೊಸದಲ್ಲ. ಪಕ್ಕದ ಗಂಗಾವತಿ, ಸಿಂಧನೂರುಗಳಿಗೆ ತುಂಗಭದ್ರೆಯ ಕಾಲುವೆ ಬಂತು, ಭತ್ತ ಬಂತು. ನಮ್ಮ ಸಜ್ಜೆ, ತೊಗರಿ ಮಳೆಯ ದಾರಿಯನ್ನೇ ನೋಡುತ್ತಿವೆ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಅಜ್ಜಿ, ಅಜ್ಜಿಯ ಮಡಿಲಲ್ಲಿ ಮೊಮ್ಮಗು: ಇಷ್ಟನ್ನು ಬಾಲ್ಯದಿಂದ ಕಂಡಿದ್ದೇನೆ. ಆ ಬೀಗದ ಇನ್ನೊಂದು ತುದಿ ಎಲ್ಲಿದೆ ಎಂಬುದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಇನ್ನೊಂದು ಅಚ್ಚರಿ ಕೇಳಿ. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶಗಳು ಕೂಡುವ ಒಣ ಸೀಮೆಯ ವಲಸಿಗರ ಲೆಕ್ಕ ಹಿಡಿದು ಕ್ಲೆಮೆಂಟ್ ಇಂಬರ್ಟ್ ಮತ್ತು ಜಾನ್ ಪ್ಯಾಪ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಶ್ನೆ ಹಾಕಿದರು: ಪಟ್ಟಣದಲ್ಲಿ ಅಷ್ಟು ಹೆಚ್ಚು ಕೂಲಿ ಇರುವಾಗ, ಊರಲ್ಲಿ ಉದ್ಯೋಗ ಖಾತ್ರಿ ಕೆಲಸ ಸಿಕ್ಕ ಕೂಡಲೇ ಜನ ಯಾಕೆ ಹೋಗುವುದನ್ನು ಬಿಡುತ್ತಾರೆ? 2020ರಲ್ಲಿ ಪ್ರಕಟವಾದ ಉತ್ತರ ಇದು: ಹೋದಲ್ಲಿ ತಲೆ ಮೇಲೆ ಸೂರಿಲ್ಲದ, ಕೆಲಸದ ಜಾಗದಲ್ಲೇ ಮಲಗುವ ಬದುಕಿನ ಕಷ್ಟ ಎಷ್ಟು ಭಾರವೆಂದರೆ, ಅದನ್ನು ತಪ್ಪಿಸಿಕೊಳ್ಳಲು ಅವರು ಆ ಹೆಚ್ಚಿನ ಗಳಿಕೆಯನ್ನೇ ಬಿಟ್ಟುಕೊಡುತ್ತಾರೆ. ನಮ್ಮ ತಾಯಂದಿರು "ಗಂಜಿ ಕುಡದ್ರೂ ನಮ್ಮನ್ಯಾಗ" ಅನ್ನುತ್ತಾರಲ್ಲ, ಆ ಮಾತನ್ನು ರೂಪಾಯಿಯಲ್ಲಿ ತೂಗಿದ್ದಾರೆ! ಅಲ್ಲಿಗೇ ಮುಗಿಯಲಿಲ್ಲ. ಹಳ್ಳಿಯವರು ಹಳ್ಳಿಯಲ್ಲೇ ಉಳಿದಾಗ ಪಟ್ಟಣದಲ್ಲಿ ಕೂಲಿ ಏರಿತು ಎಂದೂ ಅವರು ಕಂಡುಕೊಂಡರು. ಎಲ್ಲೋ ಒಂದು ಊರಲ್ಲಿ ಕೆರೆಯ ಹೂಳು ಎತ್ತಿದರೆ, ನೂರಾರು ಕಿಲೋಮೀಟರ್ ಆಚೆ ಗಾರೆ ಹೊರುವವರ ಕೈಗೆ ಒಂದಿಷ್ಟು ಹೆಚ್ಚು ದುಡ್ಡು!

ಅಂಗಡಿಯ ಮುಂದೆ ನನಗೆ ಸುಮ್ಮನಿರಲಾಗಲಿಲ್ಲ. ಮೊಬೈಲಿನಲ್ಲಿ ಬೆಂಗಳೂರಿನ ಉಪಗ್ರಹ ಚಿತ್ರ ತೆಗೆದು, ಅಕ್ಕ ಹೇಳಿದ ಬಡಾವಣೆ ಹುಡುಕಿ, ಹಿಗ್ಗಿಸಿ ತೋರಿಸಿದೆ. ಅವರು ತಾಡಪತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಗ್ಗಿದರು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಬೆರಳು ಮೆಲ್ಲಗೆ ಸರಿದು ಒಂದು ಕಡೆ ನಿಂತಿತು.

"ಇದು ಬೇವಿನ ಗಿಡ. ಇದರ ಬಾಜೂಕ ನಾವು."

ನೀಲಿ ಚುಕ್ಕೆಗಳನ್ನು ತುಟಿಯಲ್ಲೇ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಒಂಬತ್ತ ಅದಾವ. ಹೋದ ವರ್ಷ ಹನ್ನೊಂದ ಗುಡಸಲ ಇದ್ವು. ಇದು ಹಳೇ ಫೋಟೋ ಐತಿ ಅಣ್ಣಾ."