ಮೆಕಾಂಗ್ ಕಣಿವೆಯ ದ್ರಾಕ್ಷಿ: ಬಲಿಪೂಜೆಗಾಗಿ ನೆಟ್ಟ ಬಳ್ಳಿ

ಬಲಿಪೂಜೆಗೆ ಬೇಕಾದ ದ್ರಾಕ್ಷಾರಸ ಎಲ್ಲಿಂದ ಬರುತ್ತದೆ ಎಂದು ನಾವು ಯೋಚಿಸುವುದು ಕಡಿಮೆ. ಆದರೆ ಅದೇ ಪ್ರಶ್ನೆ ಒಂದು ಕಾಲದಲ್ಲಿ ಟಿಬೆಟ್ ಗಡಿಯ ಮಿಷನರಿಗಳಿಗೆ ದೊಡ್ಡ ಚಿಂತೆಯಾಗಿತ್ತು. ಅವರು ಕಂಡುಕೊಂಡ ಉತ್ತರ ಇಂದಿಗೂ ಚೀನಾದ ಯುನ್ನಾನ್ ಪ್ರಾಂತ್ಯದ ತ್ಸಿಜೋಂಗ್ ಎಂಬ ಹಳ್ಳಿಯಲ್ಲಿ ಫಲ ಕೊಡುತ್ತಿದೆ.

ಎಲ್ಲಿದೆ ಈ ಊರು?

ತ್ಸಿಜೋಂಗ್ ದೆಚಿನ್ ಜಿಲ್ಲೆಗೆ ಸೇರಿದೆ. ಮೆಕಾಂಗ್ ನದಿಯ ದಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಉತ್ತರಕ್ಕೆ ಟಿಬೆಟ್ ಸ್ವಾಯತ್ತ ಪ್ರದೇಶದ ಗಡಿ. ಪಶ್ಚಿಮದ ಪರ್ವತ ದಾಟಿದರೆ ಸಾಲ್ವೀನ್ ನದಿ, ಅದರಾಚೆಯ ಪರ್ವತಗಳ ಹಿಂದೆ ಮ್ಯಾನ್ಮಾರ್. ಈ ನದಿಗಳ ಸೀಮೆಯನ್ನು ಯುನೆಸ್ಕೋ 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜಿಲ್ಲೆಯ ಕಾವಗೆಬೊ ಹಿಮಶಿಖರ 6,740 ಮೀಟರ್ ಎತ್ತರವಿದ್ದು, ಟಿಬೆಟಿನ ಬೌದ್ಧರಿಗೆ ಪವಿತ್ರವಾದುದು.

ಬಳ್ಳಿ ಬಂದ ಬಗೆ

ಇಲ್ಲಿಗೆ ಮೊದಲು ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದವರೂ ಇದೇ ಸಂಸ್ಥೆಯವರು. 1860ರ ದಶಕದಲ್ಲಿ ಅವರು ಸಮೀಪದ ತ್ಸೆಕುವಿನಲ್ಲಿ ನೆಲೆ ನಿಂತರು. 1905ರ ದಂಗೆಯಲ್ಲಿ ಆ ದೇವಾಲಯ ನಾಶವಾಯಿತು. ವಂದನೀಯ ದ್ಯುಬೆರ್ನಾರ್ ಮತ್ತು ವಂದನೀಯ ಬುರ್ದೊನೆಕ್ ಪ್ರಾಣ ತೆತ್ತರು. ಮುಂದಿನ ವರ್ಷಗಳಲ್ಲಿ ತ್ಸಿಜೋಂಗ್‌ನಲ್ಲಿ ಹೊಸ ದೇವಾಲಯ ಎದ್ದಿತು. ಕಲ್ಲಿನ ಕಮಾನುಗಳು ಫ್ರೆಂಚ್ ಮಾದರಿಯವು, ಗೋಪುರದ ಮಾಡು ಚೀನೀ ಶೈಲಿಯದು.

ಬಲಿಪೂಜೆಗೆ ಬಳಸುವ ರಸ ದ್ರಾಕ್ಷಿಯಿಂದಲೇ ಆಗಿರಬೇಕು, ಕೆಟ್ಟಿರಬಾರದು ಎಂಬುದು ಧರ್ಮಸಭೆಯ ನಿಯಮ. ತಿಂಗಳುಗಟ್ಟಲೆ ಹೇಸರಗತ್ತೆಗಳ ಮೇಲೆ ಹೊರಿಸಿ ತರುವುದು ಎಷ್ಟು ದಿನ ಸಾಧ್ಯ? ಗುರುಗಳು ದೇವಾಲಯದ ಅಂಗಳದಲ್ಲೇ ಬಳ್ಳಿ ನೆಟ್ಟರು. ಮಳೆ ಕಡಿಮೆ, ಬಿಸಿಲು ತೀಕ್ಷ್ಣ, ರಾತ್ರಿ ತಂಪು. ನೆಲ ಬಳ್ಳಿಗೆ ಒಗ್ಗಿತು. 'ಗುಲಾಬಿ ಜೇನು' ಎಂಬ ಅರ್ಥದ ಚೀನೀ ಹೆಸರಿನ ತಳಿಯನ್ನು ಊರವರು ಇಂದೂ ಬೆಳೆಸುತ್ತಾರೆ.

ಗುರುಗಳಿಲ್ಲದ ವರ್ಷಗಳು

1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಂತ ಬರ್ನಾರ್ಡರ ಮಠದ ಗುರುಗಳು ನೆರವಿಗೆ ಬಂದರು. ಅವರಲ್ಲೊಬ್ಬರಾದ ವಂದನೀಯ ಮೋರಿಸ್ ತೊರ್ನೆ, ನದಿಯ ಮೇಲ್ಭಾಗದ ಯೆರ್ಕಾಲೊ ಧರ್ಮಕೇಂದ್ರದ ಗುರುಗಳು, 1949ರ ಆಗಸ್ಟ್ 11ರಂದು ಹತರಾದರು. ಪೋಪ್ ಎರಡನೇ ಜಾನ್ ಪಾಲ್ 1993ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು.

1950ರ ದಶಕದ ಆರಂಭದಲ್ಲಿ ವಿದೇಶಿ ಗುರುಗಳೆಲ್ಲ ಹೊರಹೋಗಬೇಕಾಯಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಶಾಲೆಯಾಗಿ ಬಳಕೆಯಾದ ಕಾರಣ ದೇವಾಲಯದ ಕಟ್ಟಡ ಉಳಿಯಿತು. ದಶಕಗಳ ಕಾಲ ಊರಿನಲ್ಲಿ ನೆಲೆಸಿದ ಗುರುಗಳಿರಲಿಲ್ಲ. ಆದರೂ ಹಿರಿಯರು ಟಿಬೆಟನ್ ಭಾಷೆಯ ಪ್ರಾರ್ಥನೆ, ಗೀತೆಗಳನ್ನು ಮಕ್ಕಳಿಗೆ ಕಲಿಸಿದರು. ಬಳ್ಳಿಯನ್ನೂ ಬಿಡಲಿಲ್ಲ. ಧರ್ಮಕೇಂದ್ರವೆಂದರೆ ಗುರುಗಳಷ್ಟೇ ಅಲ್ಲ, ನಾವೆಲ್ಲರೂ ಎಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಅವರು ಅದನ್ನು ಬಾಳಿ ತೋರಿಸಿದರು. 2006ರಲ್ಲಿ ದೇವಾಲಯ ರಾಷ್ಟ್ರೀಯ ಸಂರಕ್ಷಿತ ಸ್ಮಾರಕವಾಯಿತು.

ಇಂದಿನ ಸವಾಲು

ಈಗ ದೆಚಿನ್ ವೈನ್ ವ್ಯಾಪಾರದ ಹೆಸರು. ಫ್ರಾನ್ಸಿನ ದೊಡ್ಡ ಕಂಪನಿಯೊಂದು ಕಾವಗೆಬೊ ಸುತ್ತಲಿನ ಹಳ್ಳಿಗಳಲ್ಲಿ, 2,200 ಮೀಟರಿಗೂ ಎತ್ತರದಲ್ಲಿ ಬೆಳೆದ ದ್ರಾಕ್ಷಿಯಿಂದ 2013ರ ಸುಗ್ಗಿಯಲ್ಲಿ 'ಆವೊ ಯುನ್' ವೈನ್ ತಯಾರಿಸಿತು. ಒಂದು ಬಾಟಲಿಯ ಬೆಲೆ ನೂರಾರು ಡಾಲರ್. ತ್ಸಿಜೋಂಗ್‌ನ ಮನೆಗಳಲ್ಲೂ ಪ್ರವಾಸಿಗರಿಗೆ ವೈನ್ ಮಾರುತ್ತಾರೆ. ಅದರಿಂದ ಸಂಸಾರ ನಡೆಯುತ್ತದೆ. ಮತ್ತೊಂದೆಡೆ ಮೆಕಾಂಗ್‌ಗೆ ಕಟ್ಟಿದ ವುನೊಂಗ್‌ಲೊಂಗ್ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರಿಗೆ ಇಲ್ಲಿ ಮನೆ ಕಟ್ಟಲು ಊರಿನ ಗದ್ದೆಗಳು ಹೋದವು. ಬಳ್ಳಿಗೆ ಬೆಲೆ ಬಂದ ಹೊತ್ತಿಗೇ ನೆಲ ಕಿರಿದಾಗಿದೆ.

ಹೋಗುವವರಿಗೆ

ಕುನ್‌ಮಿಂಗ್‌ನಿಂದ ಶಾಂಗ್ರಿಲಾವರೆಗೆ 2023ರಿಂದ ರೈಲು ಇದೆ. ಮುಂದೆ ಘಟ್ಟದ ರಸ್ತೆ. ದಾರಿಯ ಕಣಿವೆದ್ವಾರಗಳು 4,000 ಮೀಟರ್ ದಾಟುವುದರಿಂದ ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಯೆರ್ಕಾಲೊ ಟಿಬೆಟ್ ಸ್ವಾಯತ್ತ ಪ್ರದೇಶದಲ್ಲಿರುವುದರಿಂದ ಅಲ್ಲಿಗೆ ವಿದೇಶಿಯರು ಪ್ರತ್ಯೇಕ ಅನುಮತಿ ಪಡೆಯಬೇಕು. ನಮ್ಮ ಜೊತೆ ಗುರುಗಳಿದ್ದರೂ ಅನುಮತಿಯಿಲ್ಲದೆ ಬಲಿಪೂಜೆ ಅರ್ಪಿಸುವಂತಿಲ್ಲ. ಧಾರ್ಮಿಕ ಪುಸ್ತಕ, ಕರಪತ್ರ ಹಂಚುವಂತಿಲ್ಲ. ನಾವು ಎರಡು ದಿನ ಇದ್ದು ಮರಳುತ್ತೇವೆ. ನಮ್ಮ ಅಜಾಗರೂಕತೆಯ ಫಲ ಉಣ್ಣುವವರು ಊರಿನವರು.

ಭಾನುವಾರ ತಲಪುವಂತೆ ಹೊರಡುವುದು ಒಳ್ಳೆಯದು. ಹಿಂದಿನ ಸಾಲಿನಲ್ಲಿ ಕುಳಿತು ಟಿಬೆಟನ್ ಪ್ರಾರ್ಥನೆಗೆ ಕಿವಿಗೊಡೋಣ. ಅಂಗಳದಲ್ಲಿರುವ ಮಿಷನರಿಗಳ ಸಮಾಧಿಯ ಬಳಿ ಒಂದು ಕ್ಷಣ ನಿಲ್ಲೋಣ. ವೈನ್ ಬೇಕಿದ್ದರೆ ಅದನ್ನು ತಯಾರಿಸಿದ ಮನೆಯಿಂದಲೇ ಕೊಳ್ಳೋಣ.