ನಾಟಕದ ಬೆಳಕಿಗೂ ಒಂದು ಲೆಡ್ಜರ್: ಲೈಟಿಂಗ್ ಡೆಸ್ಕ್ ಹೇಗೆ ಕೆಲಸ ಮಾಡುತ್ತೆ?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ನಾಟಕಕ್ಕೆ ಹೋದಾಗ ನಾವೆಲ್ಲ ಮುಂದೆ ನೋಡ್ತೀವಿ. ಇವತ್ತು ಒಂದ್ಸಲ ಹಿಂದಕ್ಕೆ ತಿರುಗೋಣ. ಕೊನೆಯ ಸಾಲಿನ ಹಿಂದೆ ಒಂದು ಪುಟ್ಟ ರೂಮ್, ಅದಕ್ಕೊಂದು ಗಾಜಿನ ಕಿಟಕಿ. ಒಳಗೆ ಒಬ್ಬರು ಸ್ಕ್ರಿಪ್ಟ್ ತೆರೆದಿಟ್ಟುಕೊಂಡು ಕೂತಿರ್ತಾರೆ, ಬೆರಳು ಒಂದು ಬಟನ್ ಮೇಲಿರುತ್ತೆ. ಆ ಬಟನ್ ಹೆಸರು 'ಗೋ'. ಅದು ಯಾವ ಯಂತ್ರದ್ದು, ಒತ್ತಿದಾಗ ಒಳಗೆ ಏನಾಗುತ್ತೆ, ಒತ್ತೋಕೆ ಮುಂಚೆ ಎಷ್ಟು ಕೆಲಸ ಆಗಿರುತ್ತೆ ಅನ್ನೋದೇ ಇವತ್ತಿನ ವಿಷಯ.

ವಿಷಯ ಒಣ ಅನಿಸಬಾರದು ಅಂತ ಒಂದು ನಾಟಕವನ್ನೇ ಇಟ್ಟುಕೊಂಡು ಮಾತಾಡೋಣ. ಗಿರೀಶ್ ಕಾರ್ನಾಡರ 'ನಾಗಮಂಡಲ'. ಗಂಡ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಹಾಕ್ತಾನೆ. ಮಧ್ಯಾಹ್ನ ಊಟಕ್ಕೆ ಬರ್ತಾನೆ, ಹೋಗ್ತಾನೆ. ರಾತ್ರಿ ಅದೇ ಅಪ್ಪಣ್ಣನ ರೂಪದಲ್ಲಿ ನಾಗ ಬರ್ತಾನೆ. ಒಬ್ಬನೇ ನಟ ಎರಡೂ ಪಾತ್ರ ಮಾಡಿದರೆ, ಈಗ ಬಂದವನು ಗಂಡನೋ ನಾಗನೋ? ರಾಣಿಗೆ ಗೊತ್ತಾಗಬಾರದು, ನಮಗೆ ಗೊತ್ತಾಗಬೇಕು. ನಟನ ನಡಿಗೆ ಹೇಳುತ್ತೆ, ದನಿ ಹೇಳುತ್ತೆ. ಅವನು ಬಾಯಿ ತೆರೆಯೋಕೂ ಮುಂಚೆ ಹೇಳೋದು ಬೆಳಕು. ಹಗಲಿಗೆ ನೆತ್ತಿ ಮೇಲಿಂದ ಬೀಳುವ ಬಿಳಿ ಬಿಸಿಲು, ರಾತ್ರಿಗೆ ಪಕ್ಕದಿಂದ ಬರುವ ತಣ್ಣನೆ ನೀಲಿ. ನಮ್ಮ ಲೆಕ್ಕಕ್ಕೆ ಇಷ್ಟೇ ಪ್ಲಾನ್ ಇರಲಿ. ಆಪರೇಟರ್ ತಪ್ಪು ಕ್ಷಣದಲ್ಲಿ ಗೋ ಒತ್ತಿದರೆ ಗಂಡ ನಾಗನ ಬೆಳಕಲ್ಲಿ ನಿಂತುಬಿಡ್ತಾನೆ. ಕಥೆಯೇ ಉಲ್ಟಾ.

ಡೆಸ್ಕ್ ಕಳಿಸೋದು ಬರೀ ಸಂಖ್ಯೆ

ಲೈಟಿಂಗ್ ಡೆಸ್ಕ್ ಒಳಗಿಂದ ದೀಪಕ್ಕೆ ಕರೆಂಟ್ ಹೋಗಲ್ಲ. ದೀಪಗಳಿಗೆ ಕರೆಂಟ್ ಬೇರೆ ವೈರಿಂಗ್‌ನಲ್ಲಿ, ಹಳೆಯ ಹ್ಯಾಲೊಜನ್ ದೀಪಗಳಿಗಾದರೆ ಡಿಮ್ಮರ್ ಮೂಲಕ ಹೋಗುತ್ತೆ. ಡೆಸ್ಕ್ ಕಳಿಸೋದು ಸಂಖ್ಯೆಗಳನ್ನು ಮಾತ್ರ. ಅವು ಹೋಗುವ ಭಾಷೆ ಡಿಎಂಎಕ್ಸ್ 512. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು 1986ರಲ್ಲಿ ರೂಪಿಸಿದ ಈ ಪದ್ಧತಿಯೇ ಇವತ್ತಿಗೂ ನಾಟಕದಿಂದ ಮದುವೆ ಆರ್ಕೆಸ್ಟ್ರಾದವರೆಗೆ ಎಲ್ಲ ಕಡೆ ನಡೀತಿದೆ.

ಹೆಸರಲ್ಲೇ ಇರುವ ಹಾಗೆ ಒಂದು ಕೇಬಲ್‌ನಲ್ಲಿ 512 ಚಾನೆಲ್. ಒಂದೊಂದು ಚಾನೆಲ್‌ನಲ್ಲೂ 0ಯಿಂದ 255ರವರೆಗೆ ಒಂದು ಸಂಖ್ಯೆ. 0 ಅಂದ್ರೆ ಪೂರ್ತಿ ಆಫ್, 255 ಅಂದ್ರೆ ಪೂರ್ತಿ ಆನ್. ಈ ಇಡೀ ಪಟ್ಟಿಯನ್ನು ಡೆಸ್ಕ್ ಸೆಕೆಂಡಿಗೆ ಸುಮಾರು 44 ಸಲದವರೆಗೂ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತೆ. ಏನೂ ಬದಲಾಗದಿದ್ದರೂ ಅದೇ ಪಟ್ಟಿ ಹೋಗುತ್ತಿರುತ್ತೆ.

ಒಂದು ವಿಷಯ ನೆನಪಿಡಿ: ಡಿಎಂಎಕ್ಸ್ ಒನ್ ವೇ ರಸ್ತೆ. ದೀಪ ಸುಟ್ಟುಹೋಗಿದ್ದರೂ ಅದು ವಾಪಸ್ ಬಂದು ಹೇಳಲ್ಲ. ಸ್ಕ್ರೀನ್ ಮೇಲೆ 80 ಪರ್ಸೆಂಟ್ ಅಂತ ತೋರಿಸುತ್ತಿರುತ್ತೆ, ರಂಗದ ಮೇಲೆ ಕತ್ತಲಿರುತ್ತೆ. ಅದಕ್ಕೇ ಆಪರೇಟರ್ ಕಣ್ಣು ಸ್ಕ್ರೀನ್‌ಗಿಂತ ಹೆಚ್ಚು ರಂಗದ ಮೇಲಿರಬೇಕು. ಕಳಿಸಿದ ಸಂಖ್ಯೆ ಸರಿಯಾಗಿ ತಲುಪಿತಾ ಅಂತ ಪರೀಕ್ಷಿಸುವ ವ್ಯವಸ್ಥೆಯೂ ಇದರಲ್ಲಿಲ್ಲ. ಹಾಗಾಗಿ ಪಟಾಕಿ, ಬೆಂಕಿ, ಜನರ ತಲೆ ಮೇಲೆ ಚಲಿಸುವ ಭಾರದ ಯಂತ್ರ ಇವನ್ನೆಲ್ಲ ಬರೀ ಡಿಎಂಎಕ್ಸ್ ನಂಬಿ ನಡೆಸಬಾರದು.

ಪ್ಯಾಚ್: ಯಾರಿಗೆ ಯಾವ ವಿಳಾಸ

ಡೆಸ್ಕ್ ಮುಂದೆ ಕೂತವರ ಮೊದಲ ಕೆಲಸ ಪ್ಯಾಚ್. ಎಲ್‌ಇಡಿ ಪಾರ್ ದೀಪಕ್ಕೆ 7 ಚಾನೆಲ್ ಬೇಕು ಅಂದ್ಕೊಳ್ಳಿ: ಪ್ರಖರತೆಗೆ ಒಂದು, ಕೆಂಪು, ಹಸಿರು, ನೀಲಿ, ಬಿಳಿಗೆ ಒಂದೊಂದು, ಉಳಿದವು ಬೇರೆ ಕೆಲಸಕ್ಕೆ. ಮೊದಲ ದೀಪದ ವಿಳಾಸ 1 ಆದರೆ ಎರಡನೆಯದು 8ರಿಂದ, ಮೂರನೆಯದು 15ರಿಂದ ಶುರುವಾಗಬೇಕು. ಎರಡು ದೀಪಕ್ಕೂ ಒಂದೇ ವಿಳಾಸ ಕೊಟ್ಟರೆ ಎರಡೂ ಅವಳಿ ಮಕ್ಕಳ ಹಾಗೆ ಒಟ್ಟಿಗೇ ಕುಣಿಯುತ್ತವೆ. ಎರಡನೆಯದಕ್ಕೆ 8ರ ಬದಲು 5 ಕೊಟ್ಟರೆ ಒಂದರ ಬಣ್ಣ ಇನ್ನೊಂದರ ಪ್ರಖರತೆಯಾಗಿ ಗೋಜಲಾಗುತ್ತೆ.

ಕೇಬಲ್ ಒಂದು ದೀಪದಿಂದ ಇನ್ನೊಂದಕ್ಕೆ ಸರಪಳಿಯ ಹಾಗೆ ಹೋಗುತ್ತೆ. ಕೊನೆಯ ದೀಪದಲ್ಲಿ 120 ಓಮ್‌ನ ಒಂದು ಟರ್ಮಿನೇಟರ್ ಸಿಕ್ಕಿಸಬೇಕು. ಇಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬಂದು, ದೀಪಗಳು ಸುಮ್ಮಸುಮ್ಮನೆ ಮಿಣುಕಬಹುದು. ಡಿಎಂಎಕ್ಸ್ ಕೇಬಲ್ ಸಿಗಲಿಲ್ಲ ಅಂತ ಮೈಕ್ ಕೇಬಲ್ ಹಾಕೋದೂ ಇಂಥದೇ ತೊಂದರೆಗೆ ದಾರಿ. ದೆವ್ವ ಹಿಡಿದ ಹಾಗೆ ಆಡುವ ಲೈಟ್‌ಗಳ ಹಿಂದೆ ಬಹಳ ಸಲ ಇಷ್ಟೇ ಕಾರಣ ಇರುತ್ತೆ.

ಕ್ಯೂ ಮತ್ತು ಬಾಕಿ ಲೆಕ್ಕ

ಈಗ ಅಸಲಿ ವಿಷಯ. ರಂಗದ ಮೇಲೆ ಬೆಳಕು ಬದಲಾಗುವ ಪ್ರತಿ ಕ್ಷಣಕ್ಕೂ ಒಂದು 'ಕ್ಯೂ'. ಅದಕ್ಕೊಂದು ನಂಬರ್, ಮತ್ತು ಹಳೆಯ ಚಿತ್ರದಿಂದ ಹೊಸ ಚಿತ್ರಕ್ಕೆ ಎಷ್ಟು ಸೆಕೆಂಡಿನಲ್ಲಿ ಹೋಗಬೇಕು ಅನ್ನೋ ಫೇಡ್ ಟೈಮ್. ಗೋ ಒತ್ತಿದರೆ ಡೆಸ್ಕ್ ಮುಂದಿನ ಕ್ಯೂಗೆ ಹೋಗುತ್ತೆ. 5 ಮತ್ತು 6ರ ನಡುವೆ ಹೊಸದು ಬೇಕಾದರೆ 5.5 ಸೇರಿಸಬಹುದು.

ಒಂದು ಕಾಲದಲ್ಲಿ ಈ ನೆನಪೆಲ್ಲ ಮನುಷ್ಯರ ಕೈಯಲ್ಲಿ, ಕಾಗದದಲ್ಲಿ ಇತ್ತು. 1959ರಲ್ಲಿ ಕಲ್ಕತ್ತದಲ್ಲಿ ತಾಪಸ್ ಸೇನ್ 'ಅಂಗಾರ್' ನಾಟಕಕ್ಕೆ ಗಣಿಯೊಳಗೆ ನೀರು ನುಗ್ಗುವ ದೃಶ್ಯವನ್ನು ಬೆಳಕಿನಿಂದಲೇ ಕಟ್ಟಿದ್ದು ಇಂಥ ಯಾವ ಮೆಮೊರಿಯೂ ಇಲ್ಲದೆ. ನ್ಯೂಯಾರ್ಕ್‌ನ ಬ್ರಾಡ್‌ವೇಗೆ ಕಂಪ್ಯೂಟರ್ ಡೆಸ್ಕ್ ಬಂದಿದ್ದು 1975ರಲ್ಲಿ, 'ಎ ಕೋರಸ್ ಲೈನ್' ನಾಟಕಕ್ಕಾಗಿ. ಅದರ ಬೆಳಕಿನ ವಿನ್ಯಾಸ ಥರಾನ್ ಮಸರ್ ಅವರದು.

ಈ ಮೆಮೊರಿ ಹೇಗೆ ಬರೆದಿಡುತ್ತೆ ಅನ್ನೋದೇ ಹೊಸಬರು ಎಡವುವ ಜಾಗ. ಎಷ್ಟೋ ದೊಡ್ಡ ಡೆಸ್ಕ್‌ಗಳು 'ಟ್ರ್ಯಾಕಿಂಗ್' ಪದ್ಧತಿಯಲ್ಲಿ ನಡೆಯುತ್ತವೆ. ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಇದು ಅರ್ಥವಾಗಿದ್ದೇ ಲೆಡ್ಜರ್ ಮೂಲಕ. ಟ್ರ್ಯಾಕಿಂಗ್ ಡೆಸ್ಕ್ ಪ್ರತಿ ಕ್ಯೂನಲ್ಲಿ ಇಡೀ ಚಿತ್ರ ಬರೆದುಕೊಳ್ಳಲ್ಲ, ಬದಲಾದ ಎಂಟ್ರಿ ಮಾತ್ರ ಬರೆದುಕೊಳ್ಳುತ್ತೆ. ಉಳಿದಿದ್ದೆಲ್ಲ ಹಿಂದಿನ ಪುಟದ ಬಾಕಿ, ಹಾಗೇ ಮುಂದಕ್ಕೆ.

ನಾಗಮಂಡಲಕ್ಕೆ ಬರೋಣ. ಕ್ಯೂ 10, ಮಧ್ಯಾಹ್ನ. ನೆತ್ತಿ ಬಿಸಿಲಿನ ದೀಪ 80 ಪರ್ಸೆಂಟ್. ಕ್ಯೂ 11, ಬಾಗಿಲ ಹತ್ತಿರದ ದೀಪ 40. ಬಿಸಿಲಿನ ಬಗ್ಗೆ ನೀವೇನೂ ಹೇಳಿಲ್ಲ, ಹಾಗಾಗಿ ಅದು 80ರಲ್ಲೇ ಇದೆ. ಕ್ಯೂ 12, ರಾತ್ರಿ. ನೀಲಿ 50 ಅಂತ ಬರೆದಿರಿ. ಬಿಸಿಲು ಇನ್ನೂ 80! ಅದನ್ನು 0 ಮಾಡು ಅಂತ ಯಾರೂ ಹೇಳಿಲ್ಲವಲ್ಲ. ರಾತ್ರಿ ಆಗಬೇಕಾದರೆ ಬಿಸಿಲಿಗೂ '0' ಅನ್ನೋ ಎಂಟ್ರಿ ಬೀಳಲೇಬೇಕು.

ಅಯ್ಯೋ, ಇದ್ಯಾಕೆ ಇಷ್ಟು ತಲೆನೋವು ಅಂದ್ರೆ, ಇದರಿಂದಲೇ ದೊಡ್ಡ ಅನುಕೂಲವೂ ಇದೆ. ಮೂವತ್ತು ಕ್ಯೂ ಬರೆದಾದ ಮೇಲೆ ನಿರ್ದೇಶಕರು ಬಂದು "ಬಿಸಿಲು ಸ್ವಲ್ಪ ಜಾಸ್ತಿ ಆಯ್ತು, 60 ಮಾಡಿ" ಅಂತಾರೆ. ಕ್ಯೂ 10ರಲ್ಲಿ ಒಂದೇ ಕಡೆ ತಿದ್ದಿದರೆ ಸಾಕು, ಆ ದೀಪಕ್ಕೆ ಮುಂದಿನ ಎಂಟ್ರಿ ಸಿಗೋವರೆಗೂ ಎಲ್ಲ ಕ್ಯೂನಲ್ಲೂ 60 ಆಗುತ್ತೆ. ಒಂದೇ ಕ್ಯೂ ಬದಲಾಗಬೇಕು, ಮುಂದಿನದು ಹಾಗೇ ಇರಬೇಕು ಅನ್ನೋದಾದರೆ 'ಕ್ಯೂ ಓನ್ಲಿ' ಅನ್ನೋ ಆಯ್ಕೆ ಇದೆ.

ಹಾಗಾದರೆ ಮೊದಲ ಅಂಕದಲ್ಲಿ ಮಾಡಿದ ತಿದ್ದುಪಡಿ ಕೊನೆಯ ದೃಶ್ಯದವರೆಗೂ ಸೋರಿಕೊಂಡು ಹೋದರೆ? ಅದಕ್ಕೆ 'ಬ್ಲಾಕ್ ಕ್ಯೂ'. ಇದು ಮಾರ್ಚ್ 31ರ ಕ್ಲೋಸಿಂಗ್ ಇದ್ದ ಹಾಗೆ. ಹೊಸ ದೃಶ್ಯದ ಮೊದಲ ಕ್ಯೂನಲ್ಲಿ ಪ್ರತಿ ದೀಪದ ಮಟ್ಟವನ್ನೂ, ಸೊನ್ನೆಯನ್ನೂ ಸೇರಿಸಿ, ಹೊಸದಾಗಿ ಬರೆದುಬಿಡೋದು. ಹಿಂದಿನ ಲೆಕ್ಕ ಅಲ್ಲಿಗೆ ಮುಗೀತು.

ಇನ್ನೊಂದು ಪ್ರಶ್ನೆ. ಒಂದೇ ದೀಪಕ್ಕೆ ಎರಡು ಕಡೆಯಿಂದ ಆದೇಶ ಬಂದರೆ ಯಾರ ಮಾತು ನಡೆಯುತ್ತೆ? ಪ್ರಖರತೆಯ ವಿಷಯದಲ್ಲಿ ಸಾಮಾನ್ಯವಾಗಿ ಹರಾಜಿನ ನಿಯಮ: ಒಂದು ಫೇಡರ್ 40 ಅಂತು, ಇನ್ನೊಂದು 70 ಅಂತು, 70 ಗೆಲ್ಲುತ್ತೆ. ಬಣ್ಣ, ದಿಕ್ಕಿನ ವಿಷಯದಲ್ಲಿ ಹಾಗಾಗಲ್ಲ. ನೀಲಿಗಿಂತ ಕೆಂಪು ದೊಡ್ಡದಾ? ಹಾಗಾಗಿ ಅಲ್ಲಿ ವಾಟ್ಸ್ಆ್ಯಪ್ ಡಿಪಿ ನಿಯಮ, ಕೊನೆಗೆ ಹಾಕಿದ್ದೇ ಉಳಿಯುತ್ತೆ.

ಎಲ್‌ಇಡಿ ಮತ್ತು ಮೆಟ್ಟಿಲು

ಹ್ಯಾಲೊಜನ್ ದೀಪ ಆರಿಸಿದರೆ ತಂತಿ ತಣ್ಣಗಾಗೋಕೆ ಒಂದು ಕ್ಷಣ ಬೇಕು, ಕೊನೆಗೆ ಕೆಂಪಾಗಿ ಆರುತ್ತೆ. ಎಲ್‌ಇಡಿಗೆ ಆ ದಾಕ್ಷಿಣ್ಯ ಇಲ್ಲ. 10 ಪರ್ಸೆಂಟ್‌ನಿಂದ ಸೊನ್ನೆಗೆ 10 ಸೆಕೆಂಡಿನಲ್ಲಿ ಇಳಿಸಿ ನೋಡಿ. 255ರಲ್ಲಿ 10 ಪರ್ಸೆಂಟ್ ಅಂದ್ರೆ ಸುಮಾರು 25. ಅಂದ್ರೆ 10 ಸೆಕೆಂಡಿಗೆ ಇರೋದು 25 ಮೆಟ್ಟಿಲು ಮಾತ್ರ. ನಿಧಾನವಾಗಿ ಆರಬೇಕಾದ ದೀಪ ಟಕ್ ಟಕ್ ಅಂತ ಕುಂಟುತ್ತಾ ಇಳಿಯೋದು ಕಾಣುತ್ತೆ. ಇದಕ್ಕೆ 16 ಬಿಟ್ ಮೋಡ್ ಇದೆ. ಎರಡು ಚಾನೆಲ್ ಸೇರಿಸಿ 65,536 ಮೆಟ್ಟಿಲು ಮಾಡ್ಕೊಳ್ಳೋದು.

ತಿರುಗುವ ಮೂವಿಂಗ್ ಹೆಡ್ ದೀಪಕ್ಕೂ ಇದೇ ಕಥೆ. ಅದು 540 ಡಿಗ್ರಿ ತಿರುಗುತ್ತೆ ಅಂದ್ಕೊಂಡರೆ, 8 ಬಿಟ್‌ನಲ್ಲಿ ಒಂದು ಮೆಟ್ಟಿಲಿಗೆ 2 ಡಿಗ್ರಿಗಿಂತ ಹೆಚ್ಚು. 10 ಮೀಟರ್ ದೂರದಲ್ಲಿ ಅದು ಒಂದು ಅಡಿಗಿಂತ ಜಾಸ್ತಿ. ನಟಿಯ ಮುಖ ಬಿಟ್ಟು ಪಕ್ಕದ ಗೋಡೆ ಬೆಳಗೋಕೆ ಅಷ್ಟು ಸಾಕು.

ಊರು ಬದಲಾದರೆ ಏನು ಮಾಡೋದು?

ನಮ್ಮಲ್ಲಿ ನಾಟಕ ಒಂದೇ ಕಡೆ ನಿಲ್ಲಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ಶುರು ಮಾಡಿದ 'ತಿರುಗಾಟ'ದಂಥ ತಂಡ ಊರೂರು ಸುತ್ತುತ್ತೆ. ಇಂದು ಒಂದು ಊರಿನ ರಂಗಮಂದಿರ, ನಾಳೆ ಇನ್ನೊಂದು ಊರಿನ ಕಾಲೇಜ್ ಸಭಾಂಗಣ. ಎತ್ತರ ಬೇರೆ, ದೀಪ ಬೇರೆ. ಅರವತ್ತು ಕ್ಯೂಗಳನ್ನು ಪ್ರತಿ ಊರಲ್ಲೂ ಹೊಸದಾಗಿ ಬರೆಯೋಕಾಗುತ್ತಾ?

ಇಲ್ಲಿ ಕೈ ಹಿಡಿಯೋದು ಪ್ಯಾಲೆಟ್. 'ರಾಣಿಯ ಹಾಸಿಗೆ', 'ಬಾಗಿಲು', 'ಹುತ್ತ', 'ರಾತ್ರಿ ನೀಲಿ' ಹೀಗೆ ಹೆಸರಿಟ್ಟ ಜಾಗ, ಬಣ್ಣಗಳನ್ನು ಒಂದ್ಸಲ ಉಳಿಸಿಕೊಳ್ಳಿ. ಕ್ಯೂ ಬರೆಯುವಾಗ ಬರೀ ಸಂಖ್ಯೆ ಬರೆಯದೆ ಈ ಹೆಸರುಗಳನ್ನೇ ಬಳಸಿ. ಹೊಸ ಊರಲ್ಲಿ 'ಬಾಗಿಲು' ಎಲ್ಲಿದೆ ಅಂತ ಒಂದ್ಸಲ ತೋರಿಸಿಕೊಟ್ಟರೆ, ಬಾಗಿಲು ಬರುವ ಎಲ್ಲ ಕ್ಯೂಗಳೂ ತಾವಾಗೇ ಸರಿಯಾಗುತ್ತವೆ. ಹತ್ತು ಪ್ಯಾಲೆಟ್ ತಿದ್ದಿದರೆ ಅರವತ್ತು ಕ್ಯೂ ಸರಿ. ಮಧ್ಯಾಹ್ನ ತಲುಪಿ ಸಂಜೆ ಶೋ ಕೊಡಬೇಕಾದವರಿಗೆ ಇದು ಊಟಕ್ಕೆ ಸಿಗುವ ಒಂದು ಗಂಟೆ.

ಶೋ ಹೊತ್ತಿನಲ್ಲಿ

ಇಷ್ಟೆಲ್ಲ ಆದಮೇಲೆ ಶೋನಲ್ಲಿ ಉಳಿಯೋದು ಗೋ ಒತ್ತೋದು ಮಾತ್ರ. ಸುಲಭ ಅನಿಸುತ್ತೆ. ಆದರೆ ನಟ ಪ್ರತಿ ದಿನ ಒಂದೇ ವೇಗದಲ್ಲಿ ಮಾತಾಡಲ್ಲ. ಇವತ್ತು ಮೌನ ಎರಡು ಸೆಕೆಂಡ್ ಉದ್ದ ಆಗಬಹುದು. ಗಡಿಯಾರ ನೋಡಿ ಗೋ ಒತ್ತಿದರೆ ಆ ಮೌನ ಸಾಯುತ್ತೆ. ಆಪರೇಟರ್ ನಟನ ಉಸಿರಿನ ಜೊತೆ ಇರಬೇಕು.

ಪ್ರತಿ ಕ್ಯೂಗೂ ಲೇಬಲ್ ಬರೆಯಿರಿ. "ಕ್ಯೂ 12" ಅಂದ್ರೆ ಯಾರಿಗೂ ಏನೂ ತಿಳಿಯಲ್ಲ. "ರಾಣಿ ಮಲಗಿದ ಮೇಲೆ, ನೀಲಿ, 8 ಸೆಕೆಂಡ್" ಅಂತ ಬರೆದರೆ ನಿಮಗೆ ಜ್ವರ ಬಂದ ದಿನ ಇನ್ನೊಬ್ಬರು ಶೋ ನಡೆಸಬಹುದು. ನನ್ನ ಪ್ರಕಾರ ಒಳ್ಳೆಯ ಪ್ರೋಗ್ರಾಮಿಂಗ್‌ಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ: ಬರೆದವರು ಇಲ್ಲದಿದ್ದರೂ ಶೋ ನಡೆಯಬೇಕು. ನಿಮ್ಮ ತಲೆಯಲ್ಲಿ ಮಾತ್ರ ಇರುವ ಬೆಳಕು ನಾಟಕದ್ದಾಗಿರಲ್ಲ, ನಿಮ್ಮದಾಗಿ ಉಳಿಯುತ್ತೆ.

ಸುರಕ್ಷತೆಗೆ ನಾಲ್ಕು ಮಾತು. ಒಂದು ಫೇಡರ್‌ನಲ್ಲಿ ಸಾಮಾನ್ಯ ಬೆಳಕು ಯಾವಾಗಲೂ ಸಿದ್ಧವಿರಲಿ. ಕ್ಯೂ ತಪ್ಪಿದರೆ ಗಾಬರಿಯಲ್ಲಿ ಹಿಂದೆ ಮುಂದೆ ಒತ್ತಬೇಡಿ, ಮೊದಲು ಆ ಫೇಡರ್ ಏರಿಸಿ, ಆಮೇಲೆ ಸರಿಯಾದ ಕ್ಯೂ ಹುಡುಕಿ. ಮೆಟ್ಟಿಲ ಮೇಲೆ ನಿಂತ ನಟ ಕತ್ತಲಲ್ಲಿ ಉಳಿಯಬಾರದು, ಬಿದ್ದರೆ ಕಾಲು ಮುರಿಯುತ್ತೆ. ಎರಡನೆಯದು, ಡೆಸ್ಕ್‌ಗೆ ಯುಪಿಎಸ್. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಹೊತ್ತಿಗೆ ದೀಪ ವಾಪಸ್ ಬರುತ್ತೆ, ಆದರೆ ಆರಿಹೋದ ಡೆಸ್ಕ್ ಮತ್ತೆ ಬೂಟ್ ಆಗೋವರೆಗೂ ಎಲ್ಲರೂ ಕಾಯಬೇಕು. ಮೂರು, ಫೈಲ್ ಎರಡು ಪೆನ್‌ಡ್ರೈವ್‌ನಲ್ಲಿ. ನಾಲ್ಕು, ಕ್ಯೂ ಪಟ್ಟಿ ಕಾಗದದ ಮೇಲೂ ಇರಲಿ.

ಎಲ್ಲಿಂದ ಶುರು ಮಾಡೋದು?

ಡೆಸ್ಕ್ ದುಬಾರಿ, ನಮಗೆಲ್ಲಿ ಸಿಗುತ್ತೆ ಅನ್ಕೋಬೇಡಿ. ಕ್ಯೂಎಲ್‌ಸಿ ಪ್ಲಸ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಉಚಿತ. ಗ್ರ್ಯಾಂಡ್‌ಎಂಎ, ಇಟಿಸಿ ಇಯೋಸ್‌ನಂಥ ದೊಡ್ಡ ಡೆಸ್ಕ್‌ಗಳ ಸಾಫ್ಟ್‌ವೇರನ್ನೂ ಲ್ಯಾಪ್‌ಟಾಪ್‌ನಲ್ಲಿ ಹಾಕಿ ಕಲಿಯಬಹುದು. ನಿಜವಾದ ದೀಪ ಉರಿಸೋಕೆ ಮಾತ್ರ ಹಾರ್ಡ್‌ವೇರ್ ಬೇಕು. ನಿಮಗಿಷ್ಟವಾದ ಒಂದು ನಾಟಕದ ಹತ್ತು ನಿಮಿಷದ ದೃಶ್ಯ ತಗೊಳ್ಳಿ, ಹತ್ತು ಕ್ಯೂ ಬರೆಯಿರಿ, ಲೇಬಲ್ ಹಾಕಿ. ಆಮೇಲೆ ಆ ಫೈಲನ್ನು ಸ್ನೇಹಿತರ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ ಕೂತು ನೋಡಿ. ಅವರು ಸರಿಯಾಗಿ ನಡೆಸಿದರೆ ನೀವು ಪಾಸ್.

ಮುಂದಿನ ಎಪಿಸೋಡ್‌ನಲ್ಲಿ ಅದೇ ಗಾಜಿನ ರೂಮಿನ ಇನ್ನೊಂದು ಕುರ್ಚಿ, ಸೌಂಡ್ ಮಿಕ್ಸರ್. ಅಲ್ಲಿವರೆಗೂ ಯಾವುದಾದರೂ ನಾಟಕಕ್ಕೆ ಹೋದರೆ, ಮುಗಿದ ಮೇಲೆ ಆ ರೂಮಿನ ಬಾಗಿಲಲ್ಲಿ ನಿಂತು, ಬೆಳಕು ಚೆನ್ನಾಗಿತ್ತು ಅಂತ ಒಂದು ಮಾತು ಹೇಳಿ ಬನ್ನಿ. ಸಿಗೋಣ, ನಮಸ್ಕಾರ.